ಕಿರಿಸೊಸೆಗೊಂದು ಗಂಟು

"ಅಮ್ಮಾ, ಗಂಟಿನಕ್ಕ ಟೀವಿಯೊಳಗಿನವರಿಗೆ ಪ್ರಾರ್ಥನೆ ಮಾಡಿದ್ರೆ ದೇವರು ಯಾರ ಮನೆಗೆ ಹೋಗ್ತಾನೆ?"

ಭಾನುವಾರದ ಮಧ್ಯಾಹ್ನ. ಪುಟ್ಟಿಯ ಕೂದಲಿನ ಸಿಕ್ಕು ಬಿಡಿಸುತ್ತಾ ಕೂತಿದ್ದ ಅವಳ ಅಮ್ಮ ಬಾಯಲ್ಲಿ ಎರಡು ಪಿನ್ನು ಕಚ್ಚಿಕೊಂಡಿದ್ದಳು.

"ಅಲ್ಲಾಡಬೇಡ, ಕೂತ್ಕೋ" ಎಂದಳು ಪಿನ್ನಿನ ಸಂದಿಯಿಂದಲೇ.

"ಟೀವಿಯವರ ಮನೆಗೆ ಹೋದ್ರೆ ಅಲ್ಲಿ ಬರೀ ಕ್ಯಾಮೆರಾ ಇರುತ್ತೆ. ಪಾಪ, ದೇವರು ಅಷ್ಟು ದೂರ ಹೋಗಿ ಸುಮ್ನೆ ವಾಪಸ್ ಬರಬೇಕು."

ಮುಂದಿನ ಕೋಣೆಯಿಂದ ಅಜ್ಜಿ ಕೆಮ್ಮಿದರು. ಅದು ಕೆಮ್ಮಲ್ಲ, 'ನನಗೆ ಎಲ್ಲಾ ಕೇಳಿಸ್ತಾ ಇದೆ' ಅನ್ನುವ ಸುದ್ದಿ. ಪುಟ್ಟಿಯ ಅಮ್ಮ ಬಾಚಣಿಗೆಯನ್ನು ಸ್ವಲ್ಪ ಜೋರಾಗಿಯೇ ಎಳೆದಳು. ಪುಟ್ಟಿ ಅಯ್ಯೋ ಎಂದಳು. ಅಲ್ಲಿಗೆ ದೇವರ ಪ್ರಯಾಣದ ಮಾತು ನಿಂತಿತು.

ಆ ಬೆಳಗ್ಗೆ ಚರ್ಚಿನ ಸಭೆಯಲ್ಲಿ ನಡೆದದ್ದು ಅರ್ಥವಾಗಬೇಕಾದರೆ ಮೊದಲು ಗಂಟಿನಕ್ಕ ಯಾರೆಂದು ತಿಳಿಯಬೇಕು.

ಎರಡು ಬೀದಿ ಆಚೆ, ಚಪ್ಪಲಿ ಹೊಲಿಯುವವನಿಗೂ ಬೀಗದ ಕೈ ಮಾಡುವವನಿಗೂ ನಡುವೆ, ಅವಳದೊಂದು ಇಸ್ತ್ರಿ ಅಂಗಡಿ. ಒಂದು ಉದ್ದ ಮೇಜು, ಅದರ ಮೇಲೆ ಮಡಚಿ ಹಾಸಿದ ಕಂಬಳಿ, ಕಂಬಳಿಯ ಮೇಲೆ ಕಂದು ಕಲೆಗಳ ಬಿಳಿ ಬಟ್ಟೆ. ಗೋಡೆಗೆ ಅಡ್ಡಕ್ಕೆ ಕಟ್ಟಿದ ಕಂಬಿಯಲ್ಲಿ ಲಾಡ್ಜಿನ ಹಾಸಿಗೆಬಟ್ಟೆ, ನರ್ಸುಗಳ ಯೂನಿಫಾರಂ, ವಕೀಲರ ಕಪ್ಪು ಕೋಟು. ಇಸ್ತ್ರಿ ಪೆಟ್ಟಿಗೆ ಕಾದಿದೆಯೇ ಎಂದು ನೋಡಲು ಅವಳು ಬೆರಳಿಗೆ ಎಂಜಲು ಹಚ್ಚಿ ಮುಟ್ಟುತ್ತಿದ್ದಳು. 'ಸುಂಯ್' ಅಂದರೆ ಸರಿ, 'ಚುಂಯ್' ಅಂದರೆ ಹೆಚ್ಚಾಯಿತು. "ಕಾಲರ್ ನೋಡಿದ್ರೆ ಮನೆ ಗೊತ್ತಾಗುತ್ತೆ, ತೋಳು ನೋಡಿದ್ರೆ ಮನುಷ್ಯ ಗೊತ್ತಾಗ್ತಾನೆ" ಎನ್ನುವುದು ಅವಳ ಮಾತು. ಮೇಜಿನ ಮೇಲೆ ತೋಳು ಒರೆಸಿ ಒರೆಸಿ ಶರ್ಟಿನ ತುದಿ ಸವೆಸಿಕೊಂಡವನನ್ನು ಗುಮಾಸ್ತ ಎಂದು, ಮೂಗು ಒರೆಸಿಕೊಂಡವನನ್ನು ಎರಡನೇ ಕ್ಲಾಸು ಎಂದು ಅವಳು ಗುರುತಿಸುತ್ತಿದ್ದಳು.

ಇಸ್ತ್ರಿ ಹೊಟ್ಟೆಪಾಡು. ಅವಳು ತನ್ನ ಕೆಲಸ ಎಂದು ಕರೆಯುತ್ತಿದ್ದದ್ದು ಬೇರೆಯದನ್ನು. ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದು, ಸಭೆಯವರ ಮನೆಗಳಿಗೆ ಹೋಗುವುದು. ಕಾಯಿಲೆಯವರು, ಮುದುಕರು, ಬಾಣಂತಿಯರು, ಗಂಡನ ಮೇಲೆ ಸಿಟ್ಟಾದವರು. ಅವರ ಮಾತು ಕೇಳಿ, ಅಲ್ಲೇ ಕಣ್ಣು ಮುಚ್ಚಿ ಒಂದು ಪ್ರಾರ್ಥನೆ ಮಾಡಿ, ಹೊರಡುವಾಗ ಕರವಸ್ತ್ರದಲ್ಲಿ ಒಂದು ಗಂಟು ಹಾಕಿಕೊಳ್ಳುವುದು. ಬರೆದಿಟ್ಟುಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ. ಜ್ವರಕ್ಕೆ ಸಡಿಲ ಗಂಟು, ಏಕೆಂದರೆ ಅದು ಬೇಗ ಬಿಡುತ್ತದೆ. ಮಕ್ಕಳ ಪರೀಕ್ಷೆಗೆ ತುದಿಯಲ್ಲಿ ಚಿಕ್ಕದು. ಯಾರಿಗೂ ಹೇಳಬೇಡ ಎಂದವರಿಗೆ ಒಳಮಡಿಕೆಯಲ್ಲಿ ಬಿಗಿಯಾದದ್ದು. ಶನಿವಾರದ ಹೊತ್ತಿಗೆ ಕರವಸ್ತ್ರ ಶುಂಠಿ ಬೇರಿನಂತಾಗಿರುತ್ತಿತ್ತು. ಭಾನುವಾರ ಪಾದ್ರಿಯ ಪ್ರಸಂಗ ಮುಗಿದ ಮೇಲೆ ಅವಳು ಎದುರಿಗೆ ಬಂದು ನಿಂತು, ಒಂದೊಂದೇ ಗಂಟು ಬಿಚ್ಚುತ್ತಾ, ಒಬ್ಬೊಬ್ಬರಿಗಾಗಿ ಪ್ರಾರ್ಥಿಸುತ್ತಿದ್ದಳು. ಒಳಮಡಿಕೆಯದನ್ನು ಮಾತಿಲ್ಲದೆ ಬಿಚ್ಚುತ್ತಿದ್ದಳು. ಸೋಮವಾರ ಅಂಗಡಿ ತೆರೆದ ಕೂಡಲೇ ಮೊದಲ ಇಸ್ತ್ರಿ ಆ ಕರವಸ್ತ್ರಕ್ಕೆ.

"ಗಂಟಿನಕ್ಕ ಗಂಟು ಬಿದ್ರೆ ಬಿಡಿಸಿಕೊಳ್ಳೋಕಾಗಲ್ಲ" ಎಂದು ಹುಡುಗರು ನಗುತ್ತಿದ್ದರು. ಪರೀಕ್ಷೆ ಬಂದಾಗ ಅವರೇ ಇಸ್ತ್ರಿ ಅಂಗಡಿಯ ಮುಂದೆ ಸುಳಿದಾಡುತ್ತಿದ್ದರು.

ಅವಳ ಇನ್ನೊಂದು ಸಂಗತಿ ಹಳಬರಿಗೆ ಮಾತ್ರ ಗೊತ್ತು. ಹರೆಯದಲ್ಲಿ ಅವಳಿಗೆ ಸಿನಿಮಾ ಹುಚ್ಚು. ಹುಚ್ಚೆಂದರೆ ಸಣ್ಣ ಹುಚ್ಚಲ್ಲ. ಇಸ್ತ್ರಿ ಮೇಜಿನ ಮುಂದೆ ನಿಂತು ನಾಯಕಿಯ ಮಾತು, ಖಳನ ಮಾತು, ನಡುವಿನ ಗುಡುಗು ಎಲ್ಲವನ್ನೂ ತಾನೇ ಹೇಳುತ್ತಿದ್ದವಳು. ಮದುವೆಯಾದದ್ದೂ ಚಿತ್ರಮಂದಿರದಲ್ಲಿ ಟಾರ್ಚು ಹಿಡಿದು ಸೀಟು ತೋರಿಸುತ್ತಿದ್ದವನನ್ನು. "ಕತ್ತಲಲ್ಲಿ ಕೈ ಹಿಡಿದ, ಬೆಳಕಲ್ಲಿ ನೋಡಿದ್ರೆ ಪರವಾಗಿಲ್ಲ ಅನ್ನಿಸ್ತು" ಎಂದು ಅವಳೇ ಹೇಳಿ ನಗುತ್ತಿದ್ದಳು. ದೀಕ್ಷಾಸ್ನಾನ ಮಾಡಿಸಿಕೊಂಡ ದಿನ ಅವಳು ಸಿನಿಮಾ ಬಿಟ್ಟಳು. ಯಾರೂ ಬಿಡು ಎಂದಿರಲಿಲ್ಲ. ದೇವರಿಗೆ ಏನಾದರೂ ಕೊಡಬೇಕು ಅನ್ನಿಸಿತು, ಮನೆಯಲ್ಲಿ ಕೊಡುವಂಥದ್ದು ಬೇರೆ ಇರಲಿಲ್ಲ, ಅದನ್ನೇ ಕೊಟ್ಟಳು. ಗಂಡ ತೀರಿಕೊಂಡ ಮೇಲೂ ಮಾತು ತಪ್ಪಲಿಲ್ಲ. ಅವಳ ಮನೆಗೆ ಟೀವಿ ಬರಲೇ ಇಲ್ಲ.

ಗುರುವಾರ ಪುಟ್ಟಿಯ ಮನೆಯ ಸರದಿ. ಪುಟ್ಟಿಯ ಅಜ್ಜಿಗೆ ಮೊಣಕಾಲು ನೋವು ಹಿಡಿದು ಸಭೆಗೆ ಹೋಗುವುದು ನಿಂತಿತ್ತು. ಆದ್ದರಿಂದ ಸಭೆಯೇ, ಅಂದರೆ ಗಂಟಿನಕ್ಕ, ಅವರ ಹತ್ತಿರ ಬರುತ್ತಿತ್ತು. ಮುಂದಿನ ಕೋಣೆಯಲ್ಲಿ ಅಜ್ಜಿಯ ಮಂಚ ಒಂದು ಗೋಡೆಗೆ, ಎದುರು ಗೋಡೆಯಲ್ಲಿ ಮೇಲೆ ಟೀವಿ, ಟೀವಿಯ ಕೆಳಗೆ ಬಂದವರಿಗೆಂದು ಒಂದು ಬೆತ್ತದ ಕುರ್ಚಿ. ಗಂಟಿನಕ್ಕ ಬರುವ ಹೊತ್ತೂ ಅಜ್ಜಿಯ ಧಾರಾವಾಹಿ ಬರುವ ಹೊತ್ತೂ ಒಂದೇ. ಅವಳು ಒಳಗೆ ಕಾಲಿಟ್ಟ ಕೂಡಲೇ ಅಜ್ಜಿ ಟೀವಿಯ ಬಾಯಿ ಮುಚ್ಚುತ್ತಿದ್ದರು. ಬಾಯಿ ಮಾತ್ರ. ಚಿತ್ರ ಓಡುತ್ತಲೇ ಇರುತ್ತಿತ್ತು. ಸದ್ದು ನಿಂತರೆ ಟೀವಿಯೇ ನಿಂತಿತೆಂದುಕೊಂಡ ಗಂಟಿನಕ್ಕ, ಅದರ ಕಡೆ ಕಣ್ಣೆತ್ತದೆ, ಬೆನ್ನು ಹಾಕಿ ಕುರ್ಚಿಯಲ್ಲಿ ಕೂತು, ಬೈಬಲಿನ ಒಂದು ವಾಕ್ಯ ಓದಿ, ಕಣ್ಣು ಮುಚ್ಚಿ ಪ್ರಾರ್ಥಿಸುವಳು. ಕಣ್ಣು ತೆರೆದರೆ ಎದುರಿಗೆ ಅಜ್ಜಿಯ ಕೆನ್ನೆ ಒದ್ದೆ.

"ನಿಮ್ಮತ್ತೆಯಷ್ಟು ಮೃದು ಮನಸ್ಸು ನಾನೆಲ್ಲೂ ನೋಡಿಲ್ಲ ಕಣಮ್ಮ" ಎಂದು ಅವಳು ಒಮ್ಮೆ ಬಾಗಿಲಲ್ಲಿ ಪುಟ್ಟಿಯ ಅಮ್ಮನಿಗೆ ಹೇಳಿದ್ದಳು. "ಬಾಯಲ್ಲಿ ಒಂದು ಮಾತು ಬರೋಷ್ಟರಲ್ಲಿ ಕಣ್ಣು ತುಂಬಿಬಿಡುತ್ತೆ. ಕೆಲವು ಮನೆಯಲ್ಲಿ ನಾನು ಗೋಡೆಗೆ ಪ್ರಾರ್ಥನೆ ಮಾಡಿದ ಹಾಗಿರುತ್ತೆ. ಇಲ್ಲಿಗೆ ಬಂದ್ರೆ ನನಗೇ ಧೈರ್ಯ."

ಆಗ ಪುಟ್ಟಿಯ ಅಮ್ಮ ನಕ್ಕು ಬೀಳ್ಕೊಟ್ಟಿದ್ದಳು. ಗಂಟಿನಕ್ಕನ ತಲೆಯ ಮೇಲೆ ಟೀವಿಯಲ್ಲಿ ಏನಾಗುತ್ತಿತ್ತೆಂದು ಹೇಳಿ ಏನು ಬರುತ್ತದೆ? ಅತ್ತೆಗೂ ಖುಷಿ, ಅಕ್ಕನಿಗೂ ಖುಷಿ. ನಡೆಯುತ್ತಿದ್ದ ಬಂಡಿಗೆ ಕಲ್ಲು ಯಾಕೆ ಇಡಬೇಕು?

ಹಾಗೆ ನಡೆಯುತ್ತಿರುವಾಗ ಒಂದು ಗುರುವಾರ ಅಜ್ಜಿ, ಕಣ್ಣೊರೆಸಿಕೊಳ್ಳುತ್ತಾ, ಹೊರಟು ನಿಂತ ಗಂಟಿನಕ್ಕನ ಕೈ ಹಿಡಿದರು.

"ಕಿರಿಸೊಸೆಗೊಂದು ಗಂಟು ಹಾಕ್ಕೊಳಮ್ಮ. ಮನೆಯಿಂದ ಹೊರಗೆ ಹಾಕಿಬಿಟ್ರು. ತುಂಬಿದ ಬಸುರಿ."

ಗಂಟಿನಕ್ಕ ಅಜ್ಜಿಯ ಮುಖ ನೋಡಿದಳು. ಆ ಮನೆಗೆ ಒಬ್ಬ ಕಿರಿಸೊಸೆ ಇದ್ದದ್ದು ಅವಳಿಗೂ ಗೊತ್ತಿತ್ತು. ಒಳ್ಳೆ ಕಂಠ, ಭಾನುವಾರ ಸಭೆಯಲ್ಲಿ ಹಾಡುತ್ತಿದ್ದವಳು. ಶನಿವಾರ ರಾತ್ರಿಗಳಲ್ಲಿ ಆರ್ಕೆಸ್ಟ್ರಾದವರ ಜೊತೆ ಸೇರಿ ಮದುವೆ ಮನೆಗಳಲ್ಲಿ ಸಿನಿಮಾ ಹಾಡು ಹಾಡುವುದಕ್ಕೂ ಶುರು ಮಾಡಿದಳು. "ದೇವರ ಹಾಡು ಹಾಡೋ ಬಾಯಲ್ಲಿ ಆ ಹಾಡಾ?" ಎಂದು ಅತ್ತೆ. "ನೀವು ದಿನಾ ಮಧ್ಯಾಹ್ನ ನೋಡೋದೇನು, ದೇವದೂತರನ್ನಾ?" ಎಂದು ಸೊಸೆ. ಮಾತಿಗೆ ಮಾತು ಬೆಳೆದು, ಅವಳು ಗಂಡನನ್ನೂ ಎರಡು ಸೂಟ್‌ಕೇಸನ್ನೂ ಎಳೆದುಕೊಂಡು ಪೇಟೆಯ ಆ ಕೊನೆಗೆ ಬಾಡಿಗೆ ಮನೆ ಮಾಡಿದ್ದಳು. ಹೋಗಿ ಎರಡು ವರ್ಷ ಕಳೆದಿತ್ತು. ಅಜ್ಜಿ ಅವಳ ಹೆಸರೆತ್ತಿದವರಲ್ಲ. ಇವತ್ತು ತಾವಾಗಿಯೇ ಎತ್ತಿದ್ದಾರೆಂದರೆ! ಗಂಟಿನಕ್ಕನಿಗೆ ಹೃದಯ ತುಂಬಿ ಬಂತು. ಇನ್ನೊಂದು ಮಾತು ಕೇಳಿದರೆ ಆ ತಾಯಿಯ ಬಾಯಿ ಮತ್ತೆ ಮುಚ್ಚಿಹೋದೀತೆಂದು, ಕೇಳದೆ, ಕರವಸ್ತ್ರದ ನಟ್ಟನಡುವೆ ದೊಡ್ಡದೊಂದು ಗಂಟು ಹಾಕಿಕೊಂಡಳು.

ಭಾನುವಾರ ಆ ಗಂಟಿನ ಸರದಿ ಬಂತು.

"ಕರ್ತನೇ, ನಮ್ಮ ಮೊಣಕಾಲು ನೋವಿನ ತಾಯಿಯ ಕಿರಿಸೊಸೆಗಾಗಿ" ಎಂದಳು ಗಂಟಿನಕ್ಕ, ಬೆರಳಲ್ಲಿ ಗಂಟು ಸಡಿಲಿಸುತ್ತಾ. "ಮನೆಯಿಂದ ಹೊರಗೆ ಹಾಕಿದ್ದಾರಪ್ಪಾ. ತುಂಬು ಗರ್ಭಿಣಿ. ಆ ಮಗಳಿಗೊಂದು ಸೂರು ಕೊಡು. ಹೊರಗೆ ಹಾಕಿದವರ ಮನಸ್ಸೂ ಕರಗುತ್ತಾ ಇದೆ, ಅದನ್ನ ಗಟ್ಟಿಯಾಗೋಕೆ ಬಿಡಬೇಡ."

ಪುಟ್ಟಿಯ ಅಮ್ಮ ಕಣ್ಣು ತೆರೆದಳು. ಪಕ್ಕದಲ್ಲಿ ಗಂಡ ಆಗಲೇ ತೆರೆದಿದ್ದ. ಮುಂದಿನ ಬೆಂಚಿನವರು ಕಣ್ಣು ಮುಚ್ಚಿಕೊಂಡೇ ತಲೆ ತಿರುಗಿಸಿದರು. ಬಸುರಿಯನ್ನು ಹೊರಗೆ ಹಾಕಿದ ಮನೆಯವರು ಇವರೇ ಎಂದು ಇಡೀ ಸಭೆಯ ಕಿವಿ ತಮ್ಮ ಕಡೆಗೆ ವಾಲಿದಂತೆ ಅವಳಿಗನ್ನಿಸಿತು. ಅಷ್ಟರಲ್ಲಿ ಬೆಂಚಿನ ಮೇಲೆ ಎದ್ದು ನಿಂತಿದ್ದಳು ಪುಟ್ಟಿ.

"ಅಕ್ಕಾ! ಅದು ನಮ್ಮ ಚಿಕ್ಕಮ್ಮ ಅಲ್ಲ! ಟೀವಿಯ ಕಿರಿಸೊಸೆ! ಸರ ಕದ್ದಿದ್ದು ಅವಳಲ್ಲ, ಅವಳ ನಾದಿನಿ!"

ಹಿಂದಿನ ಸಾಲಿನಲ್ಲಿ ಯಾರೋ ಮೂಗಿನಿಂದ ನಕ್ಕರು. ಅಲ್ಲಿಂದ ಹತ್ತಿಕೊಂಡಿತು. ಹೆಂಗಸರು ಮುಖಕ್ಕೆ ಹಾಡಿನ ಪುಸ್ತಕ ಅಡ್ಡ ಹಿಡಿದರು, ಭುಜಗಳು ಕುಣಿಯುವುದನ್ನು ಅಡ್ಡ ಹಿಡಿಯಲು ಅವರ ಬಳಿ ಏನೂ ಇರಲಿಲ್ಲ. ಗಂಟಿನಕ್ಕ ಎದುರಿಗೆ ನಿಂತೇ ಇದ್ದಳು. ಗಂಟು ಅರ್ಧ ಬಿಚ್ಚಿತ್ತು. ಅದನ್ನೊಮ್ಮೆ ನೋಡಿದಳು, ಮುಷ್ಟಿಯಲ್ಲಿ ಮುಚ್ಚಿಕೊಂಡಳು, ಬಂದು ತನ್ನ ಜಾಗದಲ್ಲಿ ಕೂತಳು.

ಬಾಗಿಲಲ್ಲಿ ಸಭೆಯ ಮುಖಂಡರಾದ ಗಡಿಯಾರದ ಹಿರಿಯರು ಕಾಯುತ್ತಿದ್ದರು. ಗಡಿಯಾರ ರಿಪೇರಿ ಅವರ ಕಸುಬು, ಪ್ರಸಂಗ ಉದ್ದವಾದರೆ ಕೈಗಡಿಯಾರ ಕಿವಿಗೆ ಹಿಡಿದು ನಿಂತುಹೋಗಿದೆಯೇ ಎಂದು ಕೇಳುವುದು ಅವರ ಕ್ರಮ.

"ಎಲ್ಲಿಂದೆಲ್ಲಿಗೆ ಗಂಟು ಹಾಕಿದೆಯಮ್ಮ!" ಎಂದರು. "ದೇವರ ಮನೆಗೆ ಧಾರಾವಾಹಿ ತಂದುಬಿಟ್ಟೆ. ನಾಳೆ ಖಳನಾಯಕನ ರಕ್ಷಣೆಗೂ ಪ್ರಾರ್ಥನೆ ಮಾಡಿಸ್ತೀಯ. ಇನ್ನು ಮೇಲೆ ಯಾರ ಬೇಡಿಕೆ ಇದ್ರೂ ಮೊದಲು ನನ್ನ ಹತ್ತಿರ ಬರಲಿ. ನಾನು ನೋಡಿ ಹೇಳ್ತೀನಿ."

"ಆಗಲಿ ಅಣ್ಣ" ಎಂದಳು ಗಂಟಿನಕ್ಕ.

ಸಭೆಯ ಪಾದ್ರಿಯಾದ ಪಾಲಕರು ಎಳೆಯ ವಯಸ್ಸಿನವರು, ಯಾರ ಮನಸ್ಸೂ ನೋಯಬಾರದು ಎನ್ನುವವರು. "ನೋಡೋಣ, ನೋಡೋಣ" ಎಂದರು.

ಪುಟ್ಟಿಯ ಅಮ್ಮ ಗಂಟಿನಕ್ಕನ ಹಿಂದೆಯೇ ಗೇಟಿನವರೆಗೆ ಹೋದಳು. ಮಗುವಿನ ಪರವಾಗಿ ತಪ್ಪಾಯಿತು ಎನ್ನಬೇಕೆಂದಿದ್ದಳು. ಗಂಟಿನಕ್ಕ ಅದಕ್ಕೆ ಅವಕಾಶ ಕೊಡಲಿಲ್ಲ.

"ಮಗು ಸುಳ್ಳು ಹೇಳಿಲ್ವಲ್ಲಮ್ಮ. ಒಂದು ಕೇಳ್ತೀನಿ, ನಿಜ ಹೇಳು. ಆ ಟೀವಿ ನನ್ನ ತಲೆ ಮೇಲೆ ಓಡ್ತಾ ಇರುತ್ತಾ?"

"...ಹೂಂ ಅಕ್ಕ. ಸದ್ದು ಮಾತ್ರ ಇರಲ್ಲ."

"ಹಾಗಾದ್ರೆ ನಿಮ್ಮತ್ತೆ ಅಳ್ತಿದ್ದದ್ದು..."

ಪುಟ್ಟಿಯ ಅಮ್ಮ ಚಪ್ಪಲಿಯ ತುದಿ ನೋಡಿದಳು. ನಗುವವರ ನಡುವೆಯೂ ಬಾಡದ ಗಂಟಿನಕ್ಕನ ಮುಖ ಈಗ ಬಾಡಿತು. "ಸರಿ ಬಿಡು" ಎಂದು ಗಂಟಿನಕ್ಕ ಹೊರಟುಹೋದಳು.

ಮನೆಯಲ್ಲಿ ಅತ್ತೆಯನ್ನು ಕೇಳಿದರೆ ಅವರು ತಲೆದಿಂಬು ಸರಿಮಾಡಿಕೊಂಡರು.

"ಅದು ಟೀವಿ ಅಂತ ಒಂದು ಮಾತು ಹೇಳಬಾರದಿತ್ತಾ ಅತ್ತೆ?"

"ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ."

"ಸಭೆ ಪೂರ್ತಿ ನಮ್ಮ ಚಿಕ್ಕವಳು ಅಂದ್ಕೊಂಡ್ರು!"

"ಅಂದ್ಕೊಳ್ಳಲಿ. ದೇವರಿಗೆ ಗೊತ್ತಾಗಲ್ವಾ ಯಾವ ಸೊಸೆ ಅಂತ?" ಎಂದು ಅಜ್ಜಿ ಗೋಡೆಯ ಕಡೆಗೆ ಹೊರಳಿದರು. ಮೊಣಕಾಲು ನೋವಿನವರು ಅಷ್ಟು ಚುರುಕಾಗಿ ಹೊರಳುವುದನ್ನು ಪುಟ್ಟಿಯ ಅಮ್ಮ ನೋಡಿರಲಿಲ್ಲ.

ಗುರುವಾರ ಗಂಟಿನಕ್ಕ ಬರಲಿಲ್ಲ. ಯಾರ ಮನೆಗೂ ಹೋಗಲಿಲ್ಲವೆಂದು ಆಮೇಲೆ ತಿಳಿಯಿತು. ಅಜ್ಜಿಗೆ ಈಗ ಧಾರಾವಾಹಿಯನ್ನು ಸದ್ದಿನ ಸಮೇತ ನೋಡುವ ಸ್ವಾತಂತ್ರ್ಯ. ಆದರೂ ಪ್ರಾರ್ಥನೆಯ ಹೊತ್ತಾದಾಗ ಅವರ ಹೆಬ್ಬೆರಳು ತಾನಾಗಿಯೇ ರಿಮೋಟಿನ ಗುಂಡಿ ಒತ್ತಿತು. ಮಾತಿಲ್ಲದೆ ಓಡುವ ಟೀವಿ, ಅದರ ಕೆಳಗೆ ಖಾಲಿ ಕುರ್ಚಿ. ಅಜ್ಜಿ ಕುರ್ಚಿಯನ್ನೇ ನೋಡುತ್ತಾ ಕೂತಿದ್ದರು.

ಆ ಭಾನುವಾರ ಗಂಟು ಬಿಚ್ಚುವ ಹೊತ್ತಿಗೆ ಗಡಿಯಾರದ ಹಿರಿಯರು ಎದ್ದು ನಿಂತು "ರೋಗಿಗಳಿಗಾಗಿ, ಪ್ರಯಾಣಿಕರಿಗಾಗಿ, ಕಷ್ಟದಲ್ಲಿರುವ ಎಲ್ಲರಿಗಾಗಿ" ಎಂದು ಪ್ರಾರ್ಥಿಸಿ ಕೂತರು. ವಾರವಿಡೀ ಅವರ ಬಳಿಗೆ ಬೇಡಿಕೆ ಹಿಡಿದು ಯಾರೂ ಬಂದಿರಲಿಲ್ಲ. ಒಬ್ಬರು ಬಂದಿದ್ದರು, ಗೋಡೆ ಗಡಿಯಾರದ ಸೆಲ್ಲು ಬದಲಾಯಿಸುವುದಕ್ಕೆ. ಅದಕ್ಕೂ ಮೊದಲು, ಗಂಟಿನಕ್ಕನಿಗೆ ಸಮಾಧಾನ ಮಾಡಬೇಕೆಂದು ಪಾಲಕರು ಪ್ರಸಂಗದಲ್ಲಿ ಧಾರಾವಾಹಿಯ ಮಾತೆತ್ತಿದರು. "ಆ ಕಿರಿಸೊಸೆಯ ತಾಳ್ಮೆ ನೋಡಿ! ಆಸರೆ ಕೊಟ್ಟ ಆ ದೊಡ್ಡ ನಾದಿನಿಯ ಪ್ರೀತಿ ನೋಡಿ!" ಎಂದರು.

"ನಾದಿನೀನೇ ಕಳ್ಳಿ!" ಎಂದು ಐದಾರು ಮಕ್ಕಳ ದನಿ ಒಟ್ಟಿಗೆ ಎದ್ದಿತು. ಈ ಸಲ ಪುಟ್ಟಿಯ ಬಾಯಿಯನ್ನು ಅವಳ ಅಮ್ಮ ಮುಂಚೆಯೇ ಮುಚ್ಚಿದ್ದಳು, ಅದೊಂದೇ ನೆಮ್ಮದಿ. ಪಾಲಕರು ಕೆಂಪಗಾದರು. ಹಿಂದಿನ ಬೆಂಚಿನಲ್ಲಿ ಗಂಟಿನಕ್ಕ ತಲೆ ತಗ್ಗಿಸಿ ಕೂತಿದ್ದಳು.

ಇಷ್ಟರ ನಡುವೆ ಸಭೆಯ ಸುದ್ದಿ ಪೇಟೆ ದಾಟಿತ್ತು. ಸುದ್ದಿಗೆ ಕಾಲಿದ್ದಷ್ಟು ಕಿವಿ ಇರುವುದಿಲ್ಲ, 'ಅದು ಟೀವಿಯದು' ಎಂಬ ಬಾಲ ದಾರಿಯಲ್ಲೆಲ್ಲೋ ಕಳಚಿ ಬಿದ್ದಿತ್ತು. ಮನೆ ಬಿಟ್ಟುಹೋಗಿದ್ದ ಓರಗಿತ್ತಿಯ ಫೋನು ಬಂದದ್ದು ಪುಟ್ಟಿಯ ಅಮ್ಮ ಪಾತ್ರೆ ತೊಳೆಯುತ್ತಿದ್ದಾಗ.

"ಅಕ್ಕಾ, ನನಗೆ ಎಷ್ಟನೇ ತಿಂಗಳು ಅಂತ ಸ್ವಲ್ಪ ಹೇಳ್ತೀರಾ? ಊರಿಗೆಲ್ಲಾ ಗೊತ್ತಿದೆ, ನನಗೇ ಗೊತ್ತಿಲ್ಲ."

ಪುಟ್ಟಿಯ ಅಮ್ಮ ಕೈಯ ಸೋಪಿನ ನೊರೆ ಫೋನಿಗೆ ಮೆತ್ತಿಕೊಂಡು ನಕ್ಕಳು. ಎರಡು ವರ್ಷದಲ್ಲಿ ಅವರಿಬ್ಬರ ಮೊದಲ ಮಾತು ಅದು. ಓರಗಿತ್ತಿ ನಗಲಿಲ್ಲ. "ಆರ್ಕೆಸ್ಟ್ರಾದವರು ಇನ್ನೊಬ್ಬಳನ್ನ ಹುಡುಕೋಕೆ ಶುರು ಮಾಡಿದ್ದಾರೆ, ಹೆರಿಗೆ ರಜೆಗೆ ಅಂತ! ಬರ್ತೀನಿ ಗುರುವಾರ. ಅತ್ತೆ ಬಾಯಿಂದಾನೇ ಕೇಳ್ಬೇಕು, ನನ್ನನ್ನ ಹೊರಗೆ ಹಾಕಿದ್ಯಾರು, ನಾನೇ ಹೋದದ್ದಾ ಅಂತ."

ಬಂದಳು. ಬಾಗಿಲಲ್ಲೇ ಜಗಳದ ಮೊದಲ ಸಾಲು ಸಿದ್ಧವಿತ್ತು. ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ, ಕೂತಳು. ಅಜ್ಜಿ ಅವಳನ್ನು ನೋಡಿ ಟೀವಿಯ ಬಾಯಿ ಮುಚ್ಚಿದರು.

"ನಾನು ಬಸುರಿ ಅಂತ..." ಎಂದು ಓರಗಿತ್ತಿ ಶುರುಮಾಡಿದಳು.

ಅಜ್ಜಿಯ ಕಣ್ಣು ತುಂಬಿ ನೀರು ಕೆನ್ನೆಗಿಳಿಯಿತು.

"ಇನ್ನೂ ಬಿಟ್ಟಿಲ್ವಾ ನೀವು ಅದನ್ನ?" ಎಂದು ಓರಗಿತ್ತಿ ಸಿಡುಕಿ, ಕತ್ತು ತಿರುಗಿಸಿ ತಲೆಯ ಮೇಲಿನ ಟೀವಿ ನೋಡಿದಳು. ಟೀವಿಯಲ್ಲಿ ಒಬ್ಬಳು ಹೆಂಗಸು ಬಕೆಟಿಗೆ ಸೋಪಿನ ಪುಡಿ ಸುರಿದು, ಬಿಳಿ ಶರ್ಟನ್ನು ಎತ್ತಿ ಹಿಡಿದು ನಗುತ್ತಿದ್ದಳು. ಜಾಹೀರಾತು.

ಓರಗಿತ್ತಿ ಮತ್ತೆ ಅತ್ತೆಯ ಕಡೆ ತಿರುಗಿದಳು. ಜಗಳದ ಎರಡನೇ ಸಾಲು ಅವಳಿಗೆ ನೆನಪಾಗಲಿಲ್ಲ. ಅಜ್ಜಿಯೂ ಕ್ಷಮಿಸು ಎನ್ನುವ ಜಾತಿಯವರಲ್ಲ. "ಬಡಕಲಾಗಿದ್ದೀಯ. ಅಲ್ಲಿ ಊಟ ಹಾಕೋರಿಲ್ವಾ?" ಎಂದರು. "ಹಾಡಿ ಹಾಡಿ ಗಂಟಲು ಒಣಗಿಸ್ಕೊಂಡಿರ್ತೀಯ. ಟೀ ಕುಡಿ." ಪುಟ್ಟಿಯ ಅಮ್ಮ ಅಡುಗೆಮನೆಗೆ ಓಡಿದಳು. ಟೀಗೆ ಸಕ್ಕರೆ ಹಾಕಿದಳೋ ಇಲ್ಲವೋ ನೆನಪಿಲ್ಲದೆ ಎರಡು ಸಲ ಹಾಕಿದಳು. ಇಬ್ಬರೂ ಅದನ್ನು ಪೂರ್ತಿ ಕುಡಿದರು.

ಮರುದಿನ ಪುಟ್ಟಿಯನ್ನು ಶಾಲೆಗೆ ಬಿಟ್ಟು ಅವಳ ಅಮ್ಮ ನೇರ ಇಸ್ತ್ರಿ ಅಂಗಡಿಗೆ ಹೋದಳು. ಕೈಯಲ್ಲಿ ಪುಟ್ಟಿಯ ಎರಡು ಫ್ರಾಕು, ನೆಪಕ್ಕೆ.

ಗಂಟಿನಕ್ಕ ಹಾಸಿಗೆಬಟ್ಟೆಯ ಅಂಚು ಎಳೆದು ಪೆಟ್ಟಿಗೆ ಓಡಿಸುತ್ತಿದ್ದಳು. ಗೋಡೆಯ ಮೊಳೆಯಲ್ಲಿ ಆ ಕರವಸ್ತ್ರ ನೇತಾಡುತ್ತಿತ್ತು. ಎರಡು ಸೋಮವಾರ ಕಳೆದರೂ ಇಸ್ತ್ರಿ ಕಂಡಿರಲಿಲ್ಲ. ನಡುವೆ ಅರ್ಧ ಬಿಚ್ಚಿದ ಗಂಟು ಹಾಗೇ ಇತ್ತು. ಮೇಜಿನ ತುದಿಯಲ್ಲಿ ಒಂದು ಶರ್ಟು, ಅದರ ಎಡತೋಳಿಗೆ ಬಿಗಿಯಾಗಿ ಗಂಟು ಹಾಕಲಾಗಿತ್ತು.

"ಇದೇನಕ್ಕ?"

"ಗಡಿಯಾರದಣ್ಣಂದು." ಅವಳ ತುಟಿಯ ಕೊನೆಯಲ್ಲಿ ನಗು ಸುಳಿಯಿತು. "ನಿನ್ನೆ ಬಂದು ಶರ್ಟು ಇಟ್ರು. ಹೋಗಲಿಲ್ಲ, ನಿಂತೇ ಇದ್ರು. ಆಮೇಲೆ, ಮನೆಯಾಕೆಗೆ ಕಣ್ಣಿನ ಆಪರೇಷನ್ನು, ಒಂದು ಗಂಟು ಹಾಕ್ಕೋ ಅಂದ್ರು. ಬೇಡಿಕೆ ಎಲ್ಲಾ ನಿಮ್ಮ ಹತ್ರಾನೇ ಬರಬೇಕಲ್ಲಣ್ಣ ಅಂದೆ. ನನ್ನದನ್ನ ನಾನೇ ಹೆಂಗೆ ನೋಡ್ಲಿ ಅಂದ್ರು. ನಾನು ಗಂಟು ಹಾಕೋದು ಬಿಟ್ಟಿದ್ದೀನಿ ಅಂದೆ. ಆ ಮನುಷ್ಯ ತನ್ನ ಶರ್ಟಿನ ತೋಳಿಗೇ ಗಂಟು ಬಿಗಿದು ಹೋದ್ರು ಕಣಮ್ಮ. ಈಗ ಇದನ್ನ ಇಸ್ತ್ರಿ ಮಾಡೋದೋ ಬಿಡೋದೋ?"

ಪುಟ್ಟಿಯ ಅಮ್ಮ ಸ್ಟೂಲು ಎಳೆದುಕೊಂಡು ಕೂತು ನಿನ್ನೆ ನಡೆದದ್ದನ್ನು ಹೇಳಿದಳು. ಫೋನು, ಓರಗಿತ್ತಿ, ಕುರ್ಚಿ, ಅತ್ತೆಯ ಕಣ್ಣೀರು, ಸೋಪಿನ ಪುಡಿ. ಗಂಟಿನಕ್ಕ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ಕೇಳಿದಳು.

"ಅತ್ತೆ ಟೀವಿ ನೋಡಿ ಅಳ್ತಾರೆ, ಸುಳ್ಳು ಹೇಳಲ್ಲ ಅಕ್ಕ. ಆದ್ರೆ ಎಲ್ಲಾ ಕಣ್ಣೀರೂ ಟೀವಿದಲ್ಲ. ಯಾವುದು ಯಾವುದಕ್ಕೆ ಅಂತ ನನಗೂ ಗೊತ್ತಾಗಲ್ಲ."

"ಸೋಪಿನ ಜಾಹೀರಾತು ನೋಡಿ ಅಳೋರೂ ಇರ್ತಾರಮ್ಮ" ಎಂದಳು ಗಂಟಿನಕ್ಕ. "ಆ ಬಿಳುಪು ನಮ್ಮ ಬಟ್ಟೆಗೆ ಬರಲ್ವಲ್ಲಾ ಅಂತ." ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಅವಳು ಹಾಸಿಗೆಬಟ್ಟೆಯ ಮೇಲೆ ಅಂಗೈ ಸವರಿದಳು.

"ನನಗೆ ನಕ್ಕಿದ್ದಕ್ಕೆ ಬೇಜಾರಿಲ್ಲ. ನನ್ನ ಪ್ರಾರ್ಥನೆಗೆ ಮನಸ್ಸು ಕರಗುತ್ತೆ ಅಂದ್ಕೊಂಡು ಇಷ್ಟು ವರ್ಷ ಒಳಗೊಳಗೇ ಉಬ್ಬಿದ್ದೆ. ಅದಕ್ಕೆ ಬೇಜಾರು. ಆ ತಾಯಿ ಅಳ್ತಾ ಇದ್ರು, ಯಾಕೆ ಅಂತ ಒಂದು ದಿನ ಕೇಳಿದ್ನಾ? ಕೇಳಲಿಲ್ಲ. ನನ್ನ ಮಾತಿಗೇ ಅಂದ್ಕೊಂಡೆ. ಪಾಲಕರನ್ನೇ ನೋಡು ಪಾಪ, ಕಳ್ಳಿಗೆ ಪಟ್ಟ ಕಟ್ಟಿದ್ರು. ಅರ್ಧ ಕಥೆ ಕೇಳಿ ಬುದ್ಧಿ ಹೇಳೋದಕ್ಕಿಂತ ಪೂರ್ತಿ ಕೇಳಿ ಸುಮ್ನಿರೋದು ವಾಸಿ."

"ಹಾಗಂತ ಬರೋದು ಬಿಟ್ಟುಬಿಡ್ತೀರಾ? ಅತ್ತೆ ಪ್ರಾರ್ಥನೆ ಹೊತ್ತಿಗೆ ಖಾಲಿ ಕುರ್ಚಿ ನೋಡ್ತಾ ಕೂತಿರ್ತಾರೆ ಅಕ್ಕ. ಟೀವಿ ಸದ್ದೂ ನಿಲ್ಲಿಸಿ."

ಗಂಟಿನಕ್ಕ ಮೊಳೆಯಿಂದ ಕರವಸ್ತ್ರ ತೆಗೆದಳು. ಬಿಚ್ಚುತ್ತಾಳೆಂದು ಪುಟ್ಟಿಯ ಅಮ್ಮ ಅಂದುಕೊಂಡಳು. ಬಿಚ್ಚಲಿಲ್ಲ. ಆ ಗಂಟನ್ನು ಮತ್ತೆ ಬಿಗಿ ಮಾಡಿದಳು. ಪಕ್ಕದಲ್ಲಿ ಗಡಿಯಾರದಣ್ಣನ ಮನೆಯಾಕೆಗೆಂದು ಇನ್ನೊಂದು ಹಾಕಿದಳು. ಶರ್ಟಿನ ತೋಳಿನದನ್ನು ಬಿಚ್ಚಿ, ಬೆರಳಿಗೆ ಎಂಜಲು ಹಚ್ಚಿ ಪೆಟ್ಟಿಗೆ ಮುಟ್ಟಿ, ಸುಂಯ್ ಎಂದ ಮೇಲೆ ಆ ತೋಳಿನ ಸುಕ್ಕು ತೀಡಿದಳು.

"ಸಿನಿಮಾ ಬಿಟ್ಟಾಗ ನಾನು ದೇವರಿಗೆ ಏನಂದಿದ್ದೆ ಗೊತ್ತಾ?" ಎಂದಳು ತೋಳನ್ನು ತಿರುಗಿಸಿ ಹಾಕುತ್ತಾ. "ನನ್ನ ಖುಷಿಗೋಸ್ಕರ ಇನ್ನು ನೋಡಲ್ಲ ಅಂದಿದ್ದೆ. ನನ್ನ ಖುಷಿಗೋಸ್ಕರ. ರಾತ್ರಿಯಿಡೀ ಅದನ್ನೇ ತಿರುವಿ ತಿರುವಿ ನೋಡ್ದೆ. ಇನ್ನೊಬ್ಬರ ಪಕ್ಕ ಕೂತು ಅವರ ಸಂಕಟ ನೋಡಬಾರದು ಅಂತ ಅದರಲ್ಲಿಲ್ಲ." ಸುಳ್ಳಾಡಬಾರದೆಂದು, "ಸ್ವಲ್ಪ ಖುಷಿಯೂ ಆಗಬಹುದು. ಅದನ್ನ ಅವನ ಹತ್ರ ಆಮೇಲೆ ಮಾತಾಡ್ಕೋತೀನಿ" ಎಂದಳು.

ಅವಳು ಶರ್ಟನ್ನು ಮಡಚಿ ಬದಿಗಿಟ್ಟಳು. ಪುಟ್ಟಿಯ ಫ್ರಾಕುಗಳನ್ನು ಬಿಡಿಸಿ ನೋಡಿ, ಇಸ್ತ್ರಿಯೇ ಬೇಕಿರದ ಬಟ್ಟೆ ಅವು ಎಂದು ಕಂಡು, ನೆಪ ಅರ್ಥವಾಗಿ, ಹಾಗೇ ಮಡಚಿ ಅವಳ ಕೈಗೆ ಕೊಟ್ಟಳು.

"ಗುರುವಾರ ಬರ್ತೀನಿ. ಆ ಹುಡುಗಿ ಕೊನೆಗೆ ಮನೆ ಸೇರ್ತಾಳೋ ಇಲ್ವೋ, ನನಗೂ ತಿಳೀಬೇಕು. ಗಂಟು ಹಾಕ್ಕೊಂಡಿದ್ದೀನಲ್ಲ."

"ಬನ್ನಿ ಅಕ್ಕ. ಅತ್ತೆಗೆ ಇವತ್ತೇ ಹೇಳ್ತೀನಿ."

"ಅದಕ್ಕೆ ಮುಂಚೆ ನನಗೊಂದು ಉಪಕಾರ ಮಾಡ್ತೀಯಾ?"

"ಹೇಳಿ ಅಕ್ಕ."

"ಆ ಬೆತ್ತದ ಕುರ್ಚಿನ ಟೀವಿ ಕೆಳಗಿಂದ ತೆಗೆದು, ನಿಮ್ಮತ್ತೆ ಮಂಚದ ಪಕ್ಕಕ್ಕೆ ಹಾಕಿರು. ಟೀವಿ ಕಡೆ ಮುಖ ಮಾಡಿ."